ತಲಪಾಡಿಯಲ್ಲಿ ‘ತುರ್ತು’: ಮಂಜೇಶ್ವರದ ವೃದ್ಧ ರೋಗಿಗಳ ಪರೀಕ್ಷೆ ಕುರಿತು ಒಂದು ಟಿಪ್ಪಣಿ

2020ರ ಮಾರ್ಚ್ ಕೊನೆಯ ವಾರ, ಲಾಕ್‌ಡೌನ್ ಶುರುವಾದ ಬೆನ್ನಿಗೆ, ಕಾಸರಗೋಡು ಜಿಲ್ಲೆಯಿಂದ ದಕ್ಷಿಣ ಕನ್ನಡಕ್ಕೆ ಬರುವ ದಾರಿಗಳನ್ನು ಕರ್ನಾಟಕ ಮುಚ್ಚಿತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯ ಬಳಿ ಪೊಲೀಸ್ ತಡೆ, ಒಳರಸ್ತೆಗಳಿಗೆ ಅಡ್ಡಲಾಗಿ ಮಣ್ಣಿನ ರಾಶಿ. ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ಗಡಿಯಿಂದಲೇ ಹಿಂದಿರುಗಿದವು. ಚಿಕಿತ್ಸೆ ಸಿಗದೆ ತೀರಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಒಂದರ ಹಿಂದೆ ಒಂದು ಬಂತು. ಮಂಜೇಶ್ವರ ಭಾಗದವರೂ, ಅರುವತ್ತು ಎಪ್ಪತ್ತರ ಪ್ರಾಯದವರೂ ಅವರಲ್ಲಿದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಹೆದ್ದಾರಿಯ ತಡೆ ತೆಗೆಸುವಂತೆ ಕೇಂದ್ರಕ್ಕೆ ಸೂಚಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ತುರ್ತು ಚಿಕಿತ್ಸೆ ಬೇಕಾದ ರೋಗಿಗಳನ್ನು ತಲಪಾಡಿಯಲ್ಲಿ ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು.

ಈ ಪ್ರಸಂಗವನ್ನು ಒಕ್ಕೂಟ ವ್ಯವಸ್ಥೆಯ ಪ್ರಶ್ನೆಯಾಗಿ, ಬದುಕುವ ಹಕ್ಕಿನ ಪ್ರಶ್ನೆಯಾಗಿ ನೋಡಿದವರು ಅನೇಕರು. ಅದರೊಳಗೆ ಒಂದು ವೈದ್ಯಕೀಯ ಪ್ರಶ್ನೆಯೂ ಇದೆ, ಅದು ಇನ್ನೂ ಹಾಗೇ ಉಳಿದಿದೆ. ‘ತುರ್ತು ರೋಗಿ’ಯನ್ನು ಬಿಡಬೇಕು ಎಂದು ತೀರ್ಮಾನವಾಯಿತು, ಸರಿ. ಆದರೆ ರಸ್ತೆಬದಿಯಲ್ಲಿ ನಿಂತ ಆಂಬುಲೆನ್ಸಿನೊಳಗೆ ಮಲಗಿರುವವರ ಸ್ಥಿತಿ ತುರ್ತಾದದ್ದು ಎಂದು ಯಾವ ಲಕ್ಷಣದಿಂದ ತಿಳಿಯಬೇಕು? ಮೂವತ್ತು ವರ್ಷದವರಲ್ಲಿ ಇದು ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತದೆ. ಎಪ್ಪತ್ತೈದು ದಾಟಿದವರಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಅವರಲ್ಲಿ ನಂಬಬಹುದಾದ ಮೊದಲ ಲಕ್ಷಣ ನಿನ್ನೆಗೂ ಇವತ್ತಿಗೂ ಆದ ವ್ಯತ್ಯಾಸ, ಅದನ್ನು ಬಲ್ಲವರು ಮನೆಯವರು ಮಾತ್ರ ಎಂಬುದು ಈ ಟಿಪ್ಪಣಿಯ ವಾದ. ಮಂಜೇಶ್ವರದಂಥ ಗಡಿನಾಡಿನಲ್ಲಿ ದಾರಿಯಲ್ಲಿ ಕಳೆದುಹೋಗುವುದೂ ಆ ತಿಳಿವಳಿಕೆಯೇ.

ಮಂಜೇಶ್ವರದವರು ಮಂಗಳೂರಿನ ಆಸ್ಪತ್ರೆ ಹಿಡಿಯುವುದು ನಿನ್ನೆ ಮೊನ್ನೆಯ ರೂಢಿಯಲ್ಲ. 1956ರ ನವೆಂಬರ್ 1ರವರೆಗೆ ಈ ಭಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ವೆನ್‌ಲಾಕ್ ಆಸ್ಪತ್ರೆಯ ಮೂಲ 1848ರದ್ದು, ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ 1880ರದ್ದು. ಗಡಿರೇಖೆಗಿಂತ ಆಸ್ಪತ್ರೆಯ ದಾರಿ ಹಳೆಯದು. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಂತೂ ಹೊಸಂಗಡಿ, ಕುಂಜತ್ತೂರು, ವರ್ಕಾಡಿಯವರಿಗೆ ತಮ್ಮದೇ ಜಿಲ್ಲೆಯ ದೊಡ್ಡ ಆಸ್ಪತ್ರೆಗಳಿಗಿಂತ ಹತ್ತಿರ. ಕಾಸರಗೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಉಕ್ಕಿನಡ್ಕದಲ್ಲಿ 2013ರಲ್ಲಿ ಶಂಕುಸ್ಥಾಪನೆಯಾಗಿದ್ದರೂ 2020ರ ಏಪ್ರಿಲ್‌ನಲ್ಲಿ ಅದರ ಒಂದು ಕಟ್ಟಡವನ್ನು ಅವಸರದಲ್ಲಿ ಕೊವಿಡ್ ಆಸ್ಪತ್ರೆ ಮಾಡಬೇಕಾಯಿತು, ವೈದ್ಯರ ತಂಡ ತಿರುವನಂತಪುರದಿಂದ ಬಂತು.

ಇನ್ನು ಲಕ್ಷಣಗಳ ವಿಚಾರ. ವರ್ಕಾಡಿಯ ಒಳಭಾಗದ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳೋಣ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್, ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಎರಡು ದಿನದಿಂದ ವಾಂತಿ, ಹೊಟ್ಟೆಗೆ ಹೋದದ್ದು ಒಂದೆರಡು ಲೋಟ ಗಂಜಿತಿಳಿ, ಮಾತ್ರೆ ಮಾತ್ರ ತಪ್ಪಿಸಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಾರೆ. ನೋವು ಎನ್ನುವುದಿಲ್ಲ, ನರಳುವುದಿಲ್ಲ. ನಾಡಿ ನಿಮಿಷಕ್ಕೆ 72, ಬಿಪಿ 112ಕ್ಕೆ 70, ಜ್ವರವಿಲ್ಲ. ಕಾಗದದ ಮೇಲೆ ಇವು ಆರೋಗ್ಯವಂತರ ಅಂಕಿಗಳು. “ಪ್ರಾಯ ಆಯ್ತಲ್ಲ, ಸುಸ್ತಾಗಿರಬೇಕು” ಎನ್ನುವುದಕ್ಕೆ ಎಲ್ಲ ಸಮರ್ಥನೆಯೂ ಸಿಗುತ್ತದೆ.

ಒಂದೊಂದನ್ನೇ ಬಿಡಿಸಿ ನೋಡಬೇಕು. ನಾಡಿ ಏರದಿರುವುದಕ್ಕೆ ಕಾರಣ ಮೆಟೊಪ್ರೊಲಾಲ್; ದೇಹ ಸಂಕಟದಲ್ಲಿದ್ದರೂ ಹೃದಯ ಓಡದಂತೆ ಆ ಮಾತ್ರೆ ಹಿಡಿದಿಡುತ್ತದೆ. ದಿನವೂ 160ರ ಆಸುಪಾಸಿನಲ್ಲಿರುವವರಿಗೆ 112 ಎಂದರೆ ಕುಸಿತ. ಅಪಘಾತದ ಗಾಯಾಳುಗಳನ್ನು ಸ್ಥಳದಲ್ಲೇ ವಿಂಗಡಿಸಲು ಅಮೆರಿಕದಲ್ಲಿ 2011ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ 65 ದಾಟಿದವರಲ್ಲಿ ಮೇಲಿನ ಬಿಪಿ 110ಕ್ಕಿಂತ ಇಳಿದರೆ ಶಾಕ್ ಇರಬಹುದೆಂದು ಎಚ್ಚರಿಸುತ್ತದೆ. ಉಳಿದ ವಯಸ್ಕರಿಗೆ ಆ ಗೆರೆ 90. ಜ್ವರವಿಲ್ಲ ಎಂಬುದರಿಂದಲೂ ಸಮಾಧಾನವಿಲ್ಲ. ಗಂಭೀರ ಸೋಂಕಿದ್ದೂ ಮೈ ಬಿಸಿಯಾಗದ ವೃದ್ಧರು ಶೇ. 20ರಿಂದ 30ರಷ್ಟಿರುತ್ತಾರೆ ಎಂಬುದು ವೃದ್ಧವೈದ್ಯದಲ್ಲಿ ಒಪ್ಪಿತವಾದ ಮಾತು. ಹಣೆಗೆ ಥರ್ಮಾಮೀಟರ್ ಹಿಡಿಯುವುದೇ ಪರೀಕ್ಷೆಯೆನಿಸಿದ್ದ ಆ ವರ್ಷ ಇದನ್ನು ನೆನೆದರೆ ಭಯವಾಗುತ್ತದೆ. ಹೃದಯಾಘಾತವೂ ಹಾಗೆಯೇ. ಪ್ರಾಯ ಏರಿದಂತೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದರೆ, ಎದೆನೋವಿನ ಬದಲು ಉಬ್ಬಸ, ಬೆವರು, ವಾಕರಿಕೆ ಅಥವಾ ಬರೀ ನಿತ್ರಾಣ ಕಾಣಿಸಿಕೊಳ್ಳುತ್ತದೆ. ‘ಗ್ಯಾಸ್’ ಎಂದು ಮನೆಯಲ್ಲಿ ಕಳೆದ ಗಂಟೆಗಳು ಆಮೇಲೆ ಸಿಗುವುದಿಲ್ಲ.

ನಮ್ಮ ಅಜ್ಜಿಯ ಬೆರಳು ಚುಚ್ಚಿ ಸಕ್ಕರೆ ನೋಡಿದರೆ 38ಕ್ಕೆ ಇಳಿದಿರಬಹುದು. ಒಂದು ನಿಮಿಷದ ಕೆಲಸ. ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಗ್ಲೂಕೋಸ್ ಏರಿಸಿದ ಕೂಡಲೇ ಎದ್ದು ಕೂತು ಮಾತಾಡುತ್ತಾರೆ, ಮನೆಯವರು ಹೊರಡುತ್ತಾರೆ. ಗ್ಲಿಮಿಪಿರೈಡಿನ ಪರಿಣಾಮ ಒಂದು ದಿನದವರೆಗೂ ಉಳಿಯಬಲ್ಲುದು, ಮೂತ್ರಪಿಂಡ ಸೋತಿದ್ದರೆ ಇನ್ನೂ ಹೆಚ್ಚು. ರಾತ್ರಿ ಮತ್ತೆ ಸಕ್ಕರೆ ಇಳಿದಾಗ ನಿದ್ದೆ ಎಂದುಕೊಂಡು ಯಾರೂ ಎಬ್ಬಿಸುವುದಿಲ್ಲ. ಇಂಥವರನ್ನು ಕನಿಷ್ಠ ಒಂದು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ಮತ್ತೆ ಮತ್ತೆ ಸಕ್ಕರೆ ನೋಡಬೇಕು. ಏಕಾದಶಿಯೂ ರಂಜಾನೂ ನಿಷ್ಠೆಯಿಂದ ನಡೆಯುವ ಊರಿನಲ್ಲಿ, ಉಪವಾಸದ ದಿನ ಯಾವ ಮಾತ್ರೆ ಬಿಡಬೇಕು ಎಂದು ಮೊದಲೇ ಹೇಳಿಕೊಡುವುದೂ ತುರ್ತು ಚಿಕಿತ್ಸೆಯ ಭಾಗವೇ.

ಹೀಗೆ ಒಮ್ಮಿಂದೊಮ್ಮೆಗೆ ಮಂಕಾಗುವ ಸ್ಥಿತಿಗೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಕೂಗಾಡುವ, ಸೂಜಿ ಕಿತ್ತೆಸೆಯುವ ರೋಗಿ ಎಲ್ಲರ ಗಮನಕ್ಕೆ ಬರುತ್ತಾರೆ. ಸುಮ್ಮನೆ ಮಲಗಿರುವವರು ‘ತೊಂದರೆ ಕೊಡದ ರೋಗಿ’ ಎನಿಸಿಕೊಂಡು ಸಾಲಿನ ಕೊನೆಗೆ ಹೋಗುತ್ತಾರೆ. ಅಪಾಯ ಹೆಚ್ಚಿರುವುದು ಅವರಿಗೆ. ಇದನ್ನು ಬೇಗ ಗುರುತಿಸಲು ಎಡಿನ್‌ಬರೊದಲ್ಲಿ ರೂಪುಗೊಂಡ ‘4ಎಟಿ’ ಎಂಬ ಚಿಕ್ಕ ಪರೀಕ್ಷೆ ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ನಾಲ್ಕು ಭಾಗ: ಎಚ್ಚರದ ಮಟ್ಟ; ಪ್ರಾಯ, ಹುಟ್ಟಿದ ದಿನ, ಈಗಿರುವ ಜಾಗ, ಇಸವಿ ಎಂಬ ನಾಲ್ಕು ಪ್ರಶ್ನೆ; ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸುವುದು; ಸ್ಥಿತಿ ಇತ್ತೀಚೆಗೆ ಬದಲಾಗಿದೆಯೇ ಎಂಬ ವಿಚಾರಣೆ. ಒಟ್ಟು 4 ಅಥವಾ ಮೇಲೆ ಬಂದರೆ ಡೆಲಿರಿಯಂ ಇರಬಹುದು.

ಮಂಜೇಶ್ವರದ ಸಂದರ್ಭದಲ್ಲಿ ಈ ಅಂಕಗಳನ್ನು ಕೂಡಿಸಿ ನೋಡಬೇಕು. ಎರಡನೆಯ ಭಾಗದಲ್ಲಿ ಉತ್ತರ ಪಡೆಯಲಾಗದಿದ್ದರೆ 2 ಅಂಕ, ಮೂರನೆಯದರಲ್ಲೂ 2. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ, ಶಾಲೆಗೆ ಹೋಗಿದ್ದರೆ ಕನ್ನಡ. ಪರೀಕ್ಷಿಸುವವರಿಗೆ ಗೊತ್ತಿರುವುದು ಮಲಯಾಳ ಮಾತ್ರ. ಬುದ್ಧಿ ನೆಟ್ಟಗಿರುವ ಅಜ್ಜಿ ಬರೀ ಭಾಷೆಯ ಕಾರಣಕ್ಕೆ 4 ಅಂಕಕ್ಕೆ ಮುಟ್ಟಿಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ: ಭಾಷೆ ಬಾರದ್ದರಿಂದ ಮಾತಾಡುತ್ತಿಲ್ಲ ಎಂದುಕೊಂಡು ನಿಜವಾದ ಡೆಲಿರಿಯಂ ಕೈತಪ್ಪುವುದು. ಹುಟ್ಟಿದ ದಿನ ಕೇಳಿದರೆ ಆ ತಲೆಮಾರಿನವರಿಗೆ ಅದು ಎಂದೂ ಗೊತ್ತಿದ್ದ ಸಂಗತಿಯಲ್ಲ. ತಿಂಗಳು ಕೇಳುವುದಾದರೆ ಸುಗ್ಗಿ, ಮಾಯಿ, ಪುಯಿಂತೆಲ್, ಪೆರಾರ್ದೆ ಎಂದು ತುಳು ತಿಂಗಳುಗಳನ್ನು ಹಿಂದಕ್ಕೆ ಹೇಳಿಸಬಹುದು. ಗಮನ ನಿಲ್ಲುತ್ತದೆಯೇ ಎಂಬುದಷ್ಟೇ ಇಲ್ಲಿ ತಿಳಿಯಬೇಕಾದದ್ದು. ಇದರ ಅಂಕಗಳನ್ನು ಇಲ್ಲಿನವರ ಮೇಲೆ ಪರೀಕ್ಷಿಸಿ ಸ್ಥಿರಪಡಿಸುವ ಕೆಲಸ ಮಂಗಳೂರಿನ ಅಥವಾ ಉಕ್ಕಿನಡ್ಕದ ಯಾವುದೇ ವೈದ್ಯ ವಿದ್ಯಾರ್ಥಿಗೆ ಒಳ್ಳೆಯ ಪ್ರಬಂಧದ ವಿಷಯ.

ನಾಲ್ಕನೆಯ ಭಾಗ ಮಾತ್ರ ಬೇರೆ ಬಗೆಯದು. ‘ಮೊನ್ನೆಯವರೆಗೆ ಹೀಗಿರಲಿಲ್ಲ’ ಎಂದು ಮನೆಯವರು ಖಚಿತವಾಗಿ ಹೇಳಿದರೆ ಆ ಒಂದಕ್ಕೇ 4 ಅಂಕ. ಉಳಿದ ಮೂರರಲ್ಲಿ ಸೊನ್ನೆ ಬಂದರೂ ಸಾಕು. ಜೊತೆಗೆ ಬಂದ ಸೊಸೆಯ ಮಾತಿಗೆ ಪರೀಕ್ಷೆಯೇ ಇಷ್ಟು ತೂಕ ಕೊಟ್ಟಿರುವಾಗ, ಆಂಬುಲೆನ್ಸಿನ ಬಾಗಿಲಲ್ಲಿ “ನೀವು ಹೊರಗಿರಿ” ಎಂದು ಅವರನ್ನೇ ದೂರ ನಿಲ್ಲಿಸುವ ಪದ್ಧತಿಯನ್ನು ಒಪ್ಪುವುದು ಕಷ್ಟ. ಕೊವಿಡ್ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಈಗ ಇಲ್ಲ.

ಮನೆಯವರ ಬಳಿ ಇರುವ ಇನ್ನೊಂದು ಆಧಾರ ಮಾತ್ರೆಗಳ ತೊಟ್ಟೆ. ಕತ್ತರಿಸಿದ ಪಟ್ಟಿಗಳಲ್ಲಿ ಹೆಸರಿನ ಅರ್ಧ ಹೋಗಿರುತ್ತದೆ. ಮಂಗಳೂರಿನಲ್ಲಿ ಬರೆದ ಬಿಪಿ ಮಾತ್ರೆಯೂ ಉಪ್ಪಳದಲ್ಲಿ ಕೊಟ್ಟ ಅದೇ ಮಾತ್ರೆಯ ಬೇರೆ ಬ್ರಾಂಡೂ ಒಟ್ಟಿಗೇ ಇರುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ಅದರೊಳಗಿದ್ದರೆ, ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದವರು ನಗುತ್ತ ಮಾತಾಡುತ್ತಿದ್ದರೂ ಸಿ.ಟಿ. ಸ್ಕ್ಯಾನ್ ಬೇಕು. ಬಿದ್ದವರ ವಿಷಯದಲ್ಲಿ ಎಷ್ಟು ಹೊತ್ತು ನೆಲದ ಮೇಲಿದ್ದರು ಎಂದು ಕೇಳುವುದನ್ನೂ ಮರೆಯಬಾರದು. ಗಂಟೆಗಟ್ಟಲೆ ಬಿದ್ದಿದ್ದರೆ ಸ್ನಾಯು ಜಜ್ಜಿ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು.

ಆಸ್ಪತ್ರೆ ತಲುಪಿದ ಮೇಲಿನ ಆರೈಕೆಯ ಬಗ್ಗೆ ಎರಡೇ ಮಾತು. ಕನ್ನಡಕ, ಕಿವಿಯಂತ್ರ, ಹಲ್ಲಿನ ಸೆಟ್ಟು ಜೊತೆಗೇ ಹೋಗಲಿ. ಅವಿಲ್ಲದೆ ಎಚ್ಚರವಾಗಿರುವವರೂ ಗೊಂದಲಕ್ಕೆ ಬೀಳುತ್ತಾರೆ. ಅಗತ್ಯವಿಲ್ಲದೆ ಮೂತ್ರದ ನಳಿಕೆ ಹಾಕುವುದು, ಕೈಕಟ್ಟುವುದು, ಗಟ್ಟಿ ಟ್ರಾಲಿಯ ಮೇಲೆ ಹೊತ್ತುಗಟ್ಟಲೆ ಮಲಗಿಸುವುದು ಬೇಡ. ಒತ್ತಡದ ಹುಣ್ಣು ಶುರುವಾಗಲು ಕೆಲವೇ ಗಂಟೆ ಸಾಕು.

2011ರ ಜನಗಣತಿಯಂತೆ ಕೇರಳದಲ್ಲಿ 60 ದಾಟಿದವರು ಶೇ. 12.6, ಕರ್ನಾಟಕದಲ್ಲಿ 9.5. ಕೇರಳ 2008ರಲ್ಲೇ ಸಾಂತ್ವನ ಆರೈಕೆಯ ನೀತಿ ತಂದಿತು. ಪಂಚಾಯತ್ ಮಟ್ಟದ ನರ್ಸ್ ಆಶಾ ಕಾರ್ಯಕರ್ತೆಯ ಜೊತೆ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಆ ನರ್ಸ್‌ಗೆ ಅಜ್ಜಿಯ ಮಾಮೂಲಿ ಬಿಪಿ ಗೊತ್ತು, ಯಾರ ಹೆಗಲು ಹಿಡಿದು ಅಂಗಳಕ್ಕೆ ಇಳಿಯುತ್ತಾರೆ ಎಂಬುದೂ ಗೊತ್ತು. ಆ ಮಾಹಿತಿ ತಲಪಾಡಿ ದಾಟಬೇಕು. ಅದಕ್ಕೆ ಹೊಸ ಕಾನೂನು ಬೇಡ. ಮಾಮೂಲಿ ಬಿಪಿ, ನಡಿಗೆ, ಮಾತಿನ ಭಾಷೆ, ನೆನಪಿನ ಸ್ಥಿತಿ, ಮಾತ್ರೆಗಳ ಪೂರ್ತಿ ಹೆಸರು, ಕರೆಯಬೇಕಾದ ಮನೆಯವರ ಫೋನ್ ನಂಬರ್ ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಹಾಳೆ ಮಾತ್ರೆಯ ತೊಟ್ಟೆಯೊಳಗೇ ಇರಲಿ, ನರ್ಸ್ ಬಂದಾಗಲೆಲ್ಲ ಅದರ ಮೇಲೆ ಹೊಸ ತಾರೀಖು ಬೀಳಲಿ. ಈ ಪ್ರಯೋಗವನ್ನು ಮಂಜೇಶ್ವರ, ವರ್ಕಾಡಿ, ಮೀಂಜ ಪಂಚಾಯತ್‌ಗಳಿಂದ ಆರಂಭಿಸಬಹುದು. ಇಲ್ಲಿಂದ ಹೋಗುವ ರೋಗಿಗಳನ್ನು ಹೆಚ್ಚಾಗಿ ಕಾಣುವ ದೇರಳಕಟ್ಟೆಯ ತುರ್ತು ವಿಭಾಗಗಳು ಹಾಳೆಯ ನಮೂನೆ ಸಿದ್ಧವಾಗುವ ಹಂತದಲ್ಲೇ ಜೊತೆಗಿರಬೇಕು.