ಬಿಸಿಯ ಜಾಡು ಹಿಡಿದ ಹೆಣ್ಣುಮಕ್ಕಳು

ನಿರಾಮಯ ಅಂದರೆ ರೋಗವಿಲ್ಲದ ಸ್ಥಿತಿ. ಊರಲ್ಲಿ ಪೂಜೆ ಮುಗಿದ ಮೇಲೆ ಹೇಳುವ ಮಂತ್ರದಲ್ಲಿ ಈ ಪದ ನಾವೆಲ್ಲ ಕೇಳಿದ್ದೇವೆ. 2016ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಹಿಳೆಯರು ಒಂದು ಕಂಪನಿ ಕಟ್ಟಿ ಅದಕ್ಕೆ ‘ನಿರಾಮೈ’ ಅಂತ ಹೆಸರಿಟ್ಟರು. ಒಬ್ಬರು ಗೀತಾ ಮಂಜುನಾಥ್, ಇನ್ನೊಬ್ಬರು ನಿಧಿ ಮಾಥುರ್. ಮೈ ಮುಟ್ಟದೆ, ಎಕ್ಸ್‌ರೇ ಬಿಡದೆ, ಚರ್ಮದ ಬಿಸಿ ಅಳೆದು ಸ್ತನ ಕ್ಯಾನ್ಸರಿನ ಸುಳಿವು ಹುಡುಕುವ ಪರೀಕ್ಷೆ ಅವರದು.

ನಾನು ಡಾಕ್ಟರಲ್ಲ. ಸರ್ಕಾರಿ ಐಟಿಐ ಮುಗಿಸಿ ಈ ಕೊಲ್ಲಿ ದೇಶಕ್ಕೆ ಬಂದ ಎಲೆಕ್ಟ್ರಿಶಿಯನ್. ಆದರೂ ಈ ವಿಷಯ ಬರೆಯಲು ಧೈರ್ಯ ಬಂದಿದ್ದು ಯಾಕಂದ್ರೆ, ಅವರು ಬಳಸುವ ಥರ್ಮಲ್ ಕ್ಯಾಮೆರಾ ನನ್ನ ಕೈಯಲ್ಲೂ ಆಗಾಗ ಇರುತ್ತದೆ. ಪ್ಯಾನೆಲ್ ಬೋರ್ಡಿನಲ್ಲಿ ಎಲ್ಲೋ ಒಂದು ಜಾಯಿಂಟ್ ಸಡಿಲ ಆಗಿದ್ದರೆ ಕಣ್ಣಿಗೆ ಕಾಣಲ್ಲ. ಆದರೆ ಅಲ್ಲಿ ರೆಸಿಸ್ಟೆನ್ಸ್ ಹೆಚ್ಚಿ ಬಿಸಿ ಏರುತ್ತದೆ. ಕ್ಯಾಮೆರಾ ಹಿಡಿದರೆ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಬೆಂಕಿ ಹತ್ತುವ ಎಷ್ಟೋ ದಿನ ಮೊದಲೇ ಗೊತ್ತಾಗುತ್ತದೆ.

ಈ ವಿದ್ಯೆಯ ಬೇರು ಹಳೆಯದು. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದರು. ಕೆಂಪಿನ ಆಚೆ, ಯಾವ ಬಣ್ಣವೂ ಇಲ್ಲದ ಕಡೆ, ಪಾದರಸ ಇನ್ನೂ ಮೇಲೇರಿತು. ಕಣ್ಣಿಗೆ ಕಾಣದ ಆ ಕಿರಣವೇ ಇನ್‌ಫ್ರಾರೆಡ್.

1956ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯ ರೇ ಲಾಸನ್, ಸ್ತನ ಕ್ಯಾನ್ಸರ್ ಇರುವ ಜಾಗದ ಮೇಲಿನ ಚರ್ಮ ಸುತ್ತಲಿಗಿಂತ ಬಿಸಿ ಇರುತ್ತದೆ ಎಂದು ಬರೆದರು. ಬೆಳೆಯುವ ಗಡ್ಡೆಗೆ ಹೆಚ್ಚು ರಕ್ತ ಬೇಕು, ಅದು ಹೊಸ ರಕ್ತನಾಳಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಲೋಡ್ ಹೆಚ್ಚಾದ ಕೇಬಲ್ ಬಿಸಿಯಾದ ಹಾಗೆ ಅಂದುಕೊಳ್ಳಿ.

ಎಲ್ಲರಿಗೂ ಆಸೆ ಹುಟ್ಟಿತು. 1973ರಲ್ಲಿ ಅಮೆರಿಕದಲ್ಲಿ ಸುಮಾರು 2 ಲಕ್ಷ 80 ಸಾವಿರ ಮಹಿಳೆಯರನ್ನು ಪರೀಕ್ಷಿಸುವ ದೊಡ್ಡ ಯೋಜನೆ ಶುರುವಾದಾಗ ಮ್ಯಾಮೊಗ್ರಾಂ ಜೊತೆಗೆ ಈ ಶಾಖದ ಚಿತ್ರವನ್ನೂ ಸೇರಿಸಿದ್ದರು. ಫಲಿತಾಂಶ ಬಂದಾಗ ನಿರಾಸೆ. ಇದ್ದ ಕ್ಯಾನ್ಸರುಗಳಲ್ಲಿ ಅರ್ಧದಷ್ಟನ್ನೂ ಶಾಖದ ಚಿತ್ರ ಹಿಡಿಯಲಿಲ್ಲ. ಯೋಜನೆಯ ಮಧ್ಯದಲ್ಲೇ ಅದನ್ನು ಕೈಬಿಟ್ಟರು.

ಯಾಕೆ ಸೋತಿತು ಅನ್ನೋದು ನಮ್ಮ ಕಸುಬಿನವರಿಗೆ ಬೇಗ ಅರ್ಥವಾಗುತ್ತದೆ. ಕ್ಯಾಮೆರಾದಲ್ಲಿ ಕೆಂಪು ಕಂಡಿದ್ದೆಲ್ಲ ಫಾಲ್ಟ್ ಅಲ್ಲ. ಫುಲ್ ಲೋಡ್ ಇರುವ ಫೇಸ್ ಸಹಜವಾಗಿಯೇ ಬಿಸಿ ಇರುತ್ತದೆ. ಹೊಳೆಯುವ ತಾಮ್ರದ ಬಾರ್ ಸುಳ್ಳು ಲೆಕ್ಕ ಕೊಡುತ್ತದೆ. ಮೂರೂ ಫೇಸ್ ಪಕ್ಕಪಕ್ಕ ಇಟ್ಟು ಹೋಲಿಸಬೇಕು, ಲೋಡ್ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಬೇಕು. ದೇಹ ಇನ್ನೂ ಕಷ್ಟ. ಮುಟ್ಟು, ಬಸುರು, ಎದೆಹಾಲು, ಒಂದು ಸಣ್ಣ ಸೋಂಕು, ಎಲ್ಲವೂ ಬಿಸಿಯನ್ನು ಬದಲಿಸುತ್ತವೆ. ಆ ಕಾಲದ ಕ್ಯಾಮೆರಾ ಒರಟು, ಚಿತ್ರ ಓದುವುದು ಮನುಷ್ಯನ ಕಣ್ಣು. ಒಬ್ಬರು ಓದಿದ ಹಾಗೆ ಇನ್ನೊಬ್ಬರು ಓದುತ್ತಿರಲಿಲ್ಲ.

ಗೀತಾ ಮಂಜುನಾಥ್ ಬರುವುದು ಇಲ್ಲಿ. ಅವರು ಕಂಪ್ಯೂಟರ್ ವಿಜ್ಞಾನಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಪಿಎಚ್‌ಡಿ ಮಾಡಿದವರು. ಎಚ್‌ಪಿ ಲ್ಯಾಬ್ಸ್, ಆಮೇಲೆ ಜೆರಾಕ್ಸ್ ಸಂಶೋಧನಾ ಕೇಂದ್ರ, ಹೀಗೆ ವರ್ಷಗಟ್ಟಲೆ ಸಂಶೋಧನೆಯಲ್ಲೇ ಇದ್ದರು. ಹತ್ತಿರದ ಸಂಬಂಧಿಯೊಬ್ಬರಿಗೆ ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್ ಬಂತು. ವಯಸ್ಸು ಕಡಿಮೆ ಇದ್ದಾಗ ಸ್ತನದ ಅಂಗಾಂಶ ದಟ್ಟವಾಗಿರುತ್ತದೆ, ಮ್ಯಾಮೊಗ್ರಾಂನಲ್ಲಿ ಗಡ್ಡೆ ಸುಲಭಕ್ಕೆ ಕಾಣಲ್ಲ. ನಮ್ಮ ದೇಶದಲ್ಲಿ ಪಶ್ಚಿಮದವರಿಗಿಂತ ಸಣ್ಣ ವಯಸ್ಸಿಗೇ ಈ ಕಾಯಿಲೆ ಬರುವುದು ಹೆಚ್ಚು. ಹಳೆಯ ಶಾಖದ ಚಿತ್ರವನ್ನು ಮನುಷ್ಯನ ಕಣ್ಣಿನ ಬದಲು ಕಂಪ್ಯೂಟರ್ ಓದಿದರೆ ಹೇಗೆ? ಈ ಪ್ರಶ್ನೆಯೇ ‘ಥರ್ಮಲಿಟಿಕ್ಸ್’ ಎಂಬ ಪರೀಕ್ಷೆಯಾಯಿತು.

ಪರೀಕ್ಷೆ ಹೀಗೆ ನಡೆಯುತ್ತದೆ. ಪರದೆಯ ಹಿಂದೆ ಹೆಣ್ಣುಮಗಳು ಸ್ವಲ್ಪ ಹೊತ್ತು ತಂಪಿನಲ್ಲಿ ಕೂರುತ್ತಾಳೆ. ಸುಮಾರು ಮೂರು ಅಡಿ ದೂರದಿಂದ ಕ್ಯಾಮೆರಾ ಬೇರೆ ಬೇರೆ ಕೋನದಲ್ಲಿ ಚಿತ್ರ ತೆಗೆಯುತ್ತದೆ. ಯಾರೂ ಮುಟ್ಟುವುದಿಲ್ಲ, ಒತ್ತುವುದಿಲ್ಲ. ಆ ಚಿತ್ರದಲ್ಲಿರುವ ಲಕ್ಷಗಟ್ಟಲೆ ಬಿಂದುಗಳ ತಾಪಮಾನವನ್ನು ಕಂಪ್ಯೂಟರ್ ಲೆಕ್ಕ ಹಾಕಿ, ಎಡಬಲ ಹೋಲಿಸಿ, ರಕ್ತನಾಳದ ಗುರುತು ಹುಡುಕಿ ಒಂದು ಅಂಕ ಕೊಡುತ್ತದೆ. 2020ರಲ್ಲಿ ಪ್ರಕಟವಾದ, ಕಂಪನಿಯವರೂ ಸೇರಿ ನಡೆಸಿದ 470 ಮಹಿಳೆಯರ ಅಧ್ಯಯನದಲ್ಲಿ, ಕ್ಯಾನ್ಸರ್ ಇದ್ದ 100ರಲ್ಲಿ ಸುಮಾರು 91 ಮಂದಿಯನ್ನು ಇದು ಗುರುತಿಸಿತು. ಕಾಯಿಲೆ ಇಲ್ಲದ 100ರಲ್ಲಿ ಸುಮಾರು 82 ಮಂದಿಗೆ ಇಲ್ಲ ಅಂತಲೇ ಹೇಳಿತು. ಅಂದರೆ ಕೆಲವರಿಗೆ ಸುಮ್ಮನೆ ಗಾಬರಿ, ಕೆಲವರದು ತಪ್ಪಿಹೋಗುವುದು, ಎರಡೂ ಇವೆ.

ಇದನ್ನು ಬಿಚ್ಚಿ ಹೇಳಲೇಬೇಕು. ಅಮೆರಿಕದ ಎಫ್‌ಡಿಎ 2019ರಲ್ಲಿ, ಶಾಖದ ಚಿತ್ರ ಮ್ಯಾಮೊಗ್ರಾಂಗೆ ಬದಲಿ ಅಲ್ಲ ಎಂದು ಜನರನ್ನು ಎಚ್ಚರಿಸಿತು. 2022ರಲ್ಲಿ ನಿರಾಮೈ ಉಪಕರಣಕ್ಕೆ ಅಲ್ಲಿ ಅನುಮತಿ ಸಿಕ್ಕಿದ್ದೂ ಬೇರೆ ಪರೀಕ್ಷೆಯ ಜೊತೆಗೆ ಬಳಸುವ ಸಾಧನ ಅಂತಲೇ. ಟೆಸ್ಟರ್ ಲೈಟ್ ಹತ್ತಲಿಲ್ಲ ಅಂತ ವೈರಿಗೆ ಕೈ ಹಾಕುವವನು ಎಲೆಕ್ಟ್ರಿಶಿಯನ್ ಅಲ್ಲ, ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳಬೇಕು. ಇದೂ ಹಾಗೆಯೇ.

ಒಬ್ಬ ಸಂಶೋಧಕಿ ಯಾಕೆ ವ್ಯಾಪಾರಕ್ಕೆ ಇಳಿಯಬೇಕು ಅಂತ ಕೆಲವರು ಕೇಳಬಹುದು. ಅಮೆರಿಕದ ವಿಜ್ಞಾನಿ ರೊಸಾಲಿನ್ ಯಾಲೋ, ಸಾಲೊಮನ್ ಬರ್ಸನ್ ಜೊತೆ ಸೇರಿ 1950ರ ದಶಕದಲ್ಲಿ ರಕ್ತದಲ್ಲಿರುವ ಇನ್ಸುಲಿನ್‌ನಂಥ ಅತಿ ಸಣ್ಣ ಪ್ರಮಾಣದ ವಸ್ತುವನ್ನು ಅಳೆಯುವ ವಿಧಾನ ಕಂಡುಹಿಡಿದರು. ಇಬ್ಬರೂ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಲಿ ಅಂದರು. ಬರ್ಸನ್ ತೀರಿಕೊಂಡ ಮೇಲೆ, 1977ರಲ್ಲಿ ಯಾಲೋಗೆ ನೊಬೆಲ್ ಬಂತು. ಅದು ದೊಡ್ಡ ಮನಸ್ಸು. ಆದರೆ ಆ ವಿಧಾನ ಊರೂರಿನ ಲ್ಯಾಬಿಗೆ ಹೋಗಬೇಕಾದರೆ ಯಾರೋ ಕಿಟ್ ಮಾಡಿ ಮಾರಲೇಬೇಕಾಯಿತು. ಕಂಬದ ತನಕ ಕರೆಂಟ್ ಬಂದರೆ ಮನೆಯಲ್ಲಿ ದೀಪ ಹತ್ತುವುದಿಲ್ಲ. ಕಂಬದಿಂದ ಮನೆಗೆ ಸರ್ವಿಸ್ ವೈರ್ ಎಳೆಯಬೇಕು, ಮೀಟರ್ ಕೂರಿಸಬೇಕು, ಇಲಾಖೆಯ ಒಪ್ಪಿಗೆ ಪಡೆಯಬೇಕು.

ಗೀತಾ ಮತ್ತು ನಿಧಿ ಎಳೆದದ್ದು ಆ ಕೊನೆಯ ವೈರನ್ನು. ಆಸ್ಪತ್ರೆಗಳ ಜೊತೆ ಪ್ರಯೋಗ, ಅನುಮತಿ, ಹೂಡಿಕೆದಾರರ ಮುಂದೆ ಮಾತು, ಶಿಬಿರ, ಎಲ್ಲವೂ ಆಗಬೇಕಿತ್ತು. 2019ರಲ್ಲಿ ಜಪಾನಿನ ಕಂಪನಿಯೊಂದರ ಮುಂದಾಳತ್ವದಲ್ಲಿ 60 ಲಕ್ಷ ಡಾಲರ್ ಬಂಡವಾಳ ಬಂತು. ಕ್ಯಾಮೆರಾ ಎತ್ತಿಕೊಂಡು ಹೋಗಬಹುದು, ಮ್ಯಾಮೊಗ್ರಾಂ ಯಂತ್ರವನ್ನು ಹಾಗೆ ಹಳ್ಳಿಗೆ ಹೊತ್ತೊಯ್ಯುವುದು ಕಷ್ಟ.

ಬೆಂಗಳೂರಿನಲ್ಲೇ ಇದಕ್ಕೂ ಮೊದಲು, 2011ರಲ್ಲಿ, ಮಂಜಿರಿ ಬಾಕ್ರೆ ಎಂಬ ವಿಜ್ಞಾನಿ ‘ಆಂಕೊಸ್ಟೆಮ್’ ಕಂಪನಿ ಶುರು ಮಾಡಿದ್ದರು. ಅವರ ‘ಕ್ಯಾನ್‌ಅಸಿಸ್ಟ್ ಬ್ರೆಸ್ಟ್’ ಪರೀಕ್ಷೆ ಆರಂಭದ ಹಂತದ ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ. ತೆಗೆದ ಗಡ್ಡೆಯಲ್ಲಿ 5 ಪ್ರೋಟೀನುಗಳನ್ನು ನೋಡಿ, ಕಾಯಿಲೆ ಮರಳುವ ಅಪಾಯ ಎಷ್ಟು ಅಂತ ಅಂದಾಜು ಕೊಡುತ್ತದೆ. ಅಪಾಯ ಕಡಿಮೆ ಇದ್ದವರಿಗೆ ಕೀಮೋ ಬೇಕೇ ಬೇಡವೇ ಎಂದು ತೀರ್ಮಾನಿಸಲು ಡಾಕ್ಟರಿಗೆ ಅನುಕೂಲ. ಕೀಮೋ ಅಂದರೆ ಬರೀ ಕೂದಲು ಉದುರುವುದಲ್ಲ, ಮನೆಯ ಉಳಿತಾಯವೂ ಉದುರುತ್ತದೆ.

ಇದನ್ನೆಲ್ಲ ಗಂಡಸರೇ ಹೆಚ್ಚಿರುವ ನಮ್ಮ ಕ್ಯಾಂಪಿನವರಿಗೆ ಯಾಕೆ ಹೇಳಬೇಕು? 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ತಡವಾಗಿ ಆಸ್ಪತ್ರೆಗೆ ಬರುವುದು ಇದಕ್ಕೆ ದೊಡ್ಡ ಕಾರಣ. ನಮ್ಮ ಸೈಟಿನ ಒಬ್ಬರ ಹೆಂಡತಿ ಎದೆಯ ಗಂಟನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಗಂಡ ಪರದೇಶದಲ್ಲಿ, ಸಾಲ ತೀರಿಲ್ಲ, ರಜೆ ಸಿಗಲ್ಲ, ಅವರಿಗೆ ಯಾಕೆ ತಲೆಬಿಸಿ ಅಂತ ಆಕೆಯ ಲೆಕ್ಕ. ನೋವೂ ಇರಲಿಲ್ಲ. ಶುರುವಿನಲ್ಲಿ ಬಹಳಷ್ಟು ಸಲ ನೋವು ಇರುವುದೇ ಇಲ್ಲ.

ಎಂಥ ಕ್ಯಾಮೆರಾ ಬಂದರೂ ಅದರ ಮುಂದೆ ಬಂದು ಕೂರಲು ಮನೆಯ ಹೆಣ್ಣುಮಕ್ಕಳಿಗೆ ಧೈರ್ಯ ಬೇಕು, ಬಸ್ಸಿನ ಖರ್ಚು ಬೇಕು, ಹೋಗಿ ಬಾ ಅನ್ನುವ ಒಂದು ಮಾತು ಬೇಕು. ವಿಜ್ಞಾನಿಗಳು ವೈರ್ ಎಳೆದಿದ್ದಾರೆ, ಸ್ವಿಚ್ ನಮ್ಮ ಮನೆಯೊಳಗಿದೆ. 30 ದಾಟಿದ ಹೆಂಗಸರ ಸ್ತನ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೂ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ ದಾರಿ ಗೊತ್ತಾಗುತ್ತದೆ. ಗಂಟು, ಚರ್ಮ ಎಳೆದುಕೊಂಡ ಹಾಗೆ, ತೊಟ್ಟಿನಿಂದ ರಕ್ತ, ಯಾವುದು ಕಂಡರೂ ಕಾಯದೆ ಡಾಕ್ಟರ್ ಹತ್ತಿರ ಹೋಗಬೇಕು.

ಶುಕ್ರವಾರ ಫೋನ್ ಮಾಡಿದಾಗ ದುಡ್ಡು ಬಂತಾ, ಮಳೆ ಆಯ್ತಾ, ಮಕ್ಕಳು ಓದ್ತಾ ಇದ್ದಾವಾ ಅಂತ ಕೇಳ್ತೀವಿ. ನಿನ್ನ ಮೈ ಹೇಗಿದೆ, ಒಂದು ಸಲ ತೋರಿಸಿಕೊಂಡು ಬಾ ಅಂತಲೂ ಹೇಳೋಣ. ನಾಚಿಕೆ ಆಗುತ್ತೆ, ನಿಜ. ಮೊದಲ ಸಲ ಮಾತ್ರ.