ಗುಂಡ್ರಾಡಾ ಇಂಗ್ಲೆಂಡಿನ ದೊರೆ ವಿಲಿಯಂನ ಮಗಳೇ? ಸತ್ಯ ಇಲ್ಲಿದೆ

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂಗೆ ಗುಂಡ್ರಾಡಾ ಎಂಬ ಮಗಳಿದ್ದಳು ಎಂದು ಶತಮಾನಗಳ ಕಾಲ ನಂಬಲಾಗಿತ್ತು. ಇಂದಿಗೂ ಹಲವು ಆನ್‌ಲೈನ್ ವಂಶವೃಕ್ಷಗಳಲ್ಲಿ ಹಾಗೆಯೇ ಇದೆ. ಅದನ್ನು ನಕಲು ಮಾಡಿಕೊಂಡವರು ತಾವೂ ರಾಜವಂಶದವರು ಎಂದುಕೊಳ್ಳುತ್ತಾರೆ. ಇದು ನಿಜವೇ?

ಗುಂಡ್ರಾಡಾ ಯಾರು?

ದೊರೆಯ ಜೊತೆ ಯುದ್ಧ ಮಾಡಿದ ವಿಲಿಯಂ ಡಿ ವಾರೆನ್ ಎಂಬ ಶ್ರೀಮಂತನ ಹೆಂಡತಿ. ಗಂಡ ಹೆಂಡತಿ ಸೇರಿ ಲೂಯಿಸ್ ಊರಿನಲ್ಲಿ ಕ್ರೈಸ್ತ ಮಠವೊಂದನ್ನು ಕಟ್ಟಿಸಿದರು. 1085ರಲ್ಲಿ ಹೆರಿಗೆಯ ವೇಳೆ ಆಕೆ ತೀರಿಕೊಂಡಳು. 1845ರಲ್ಲಿ ರೈಲು ಹಳಿಗಾಗಿ ಮಠದ ಜಾಗವನ್ನು ಅಗೆದಾಗ ದಂಪತಿಯ ಮೂಳೆಗಳಿದ್ದ ಸೀಸದ ಪೆಟ್ಟಿಗೆಗಳು ಸಿಕ್ಕವು. ಅವುಗಳ ಮೇಲೆ ಇಬ್ಬರ ಹೆಸರೂ ಇತ್ತು, ಆದರೆ ಆಕೆಯ ತಂದೆಯ ಹೆಸರಿರಲಿಲ್ಲ.

ರಾಜಪುತ್ರಿ ಎಂಬ ಮಾತು ಬಂದದ್ದು ಎಲ್ಲಿಂದ?

ಮುಖ್ಯವಾಗಿ ಲೂಯಿಸ್ ಮಠದ ದಾಖಲೆಗಳಿಂದ. ಆದರೆ ಮಠದ ದಾಖಲೆ ಪುಸ್ತಕ ಸಿದ್ಧವಾಗಿದ್ದು 15ನೇ ಶತಮಾನದಲ್ಲಿ, ಆಕೆ ಸತ್ತು ಮುನ್ನೂರೈವತ್ತು ವರ್ಷಗಳ ನಂತರ. ಮಠ ಕಟ್ಟಿಸಿದವಳು ದೊರೆಯ ಮಗಳಾದರೆ ಮಠಕ್ಕೂ ಗೌರವ ತಾನೇ? ಆಕೆಯ ಸಮಾಧಿಯ ಕಪ್ಪು ಕಲ್ಲಿನಲ್ಲಿ ಡ್ಯೂಕ್‌ಗಳ ವಂಶದವಳು ಎಂಬ ಅರ್ಥದ ಮಾತಿದೆ. ಅದರಲ್ಲೂ ದೊರೆಯ ಹೆಸರಿಲ್ಲ.

ಹಾಗಾದರೆ ಸತ್ಯವೇನು?

12ನೇ ಶತಮಾನದ ಇತಿಹಾಸಕಾರ ಆರ್ಡೆರಿಕ್ ವಿಟಾಲಿಸ್ ಆಕೆಯನ್ನು ಗೆರ್ಬೋಡ್ ಎಂಬಾತನ ಸಹೋದರಿ ಎಂದು ಬರೆದಿದ್ದಾನೆ. ಗೆರ್ಬೋಡ್ ಫ್ಲಾಂಡರ್ಸ್‌ನವನು, ದೊರೆಯ ಮಗನಲ್ಲ. 1846ರಲ್ಲಿ ಥಾಮಸ್ ಸ್ಟೇಪಲ್‌ಟನ್ ಎಂಬ ವಿದ್ವಾಂಸ, ಆಕೆ ದೊರೆಯ ಮಗಳಲ್ಲ, ರಾಣಿ ಮಟಿಲ್ಡಾಳಿಗೆ ಮೊದಲ ಮದುವೆಯಿಂದ ಹುಟ್ಟಿದವಳು ಎಂದು ವಾದಿಸಿದ.

ಎರಡೂ ವಾದಗಳನ್ನು ಕೆಡವಿದ್ದು ಒಂದು ಪತ್ರ. ವಿಲಿಯಂ ಮತ್ತು ಮಟಿಲ್ಡಾ ಅವರ ಮಗ ಒಂದನೇ ಹೆನ್ರಿ ತನ್ನ ಮಗಳೊಬ್ಬಳನ್ನು ಗುಂಡ್ರಾಡಾಳ ಮಗನಿಗೆ ಕೊಡಲು ಹೊರಟ. ಆರ್ಚ್‌ಬಿಷಪ್ ಆನ್ಸೆಲ್ಮ್ ಬೇಡವೆಂದು ದೊರೆಗೆ ಬರೆದ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಆರು ತಲೆಮಾರು ಹಿಂದೆ ಇಬ್ಬರೂ ಸಂಬಂಧಿಕರು ಎಂಬುದೇ ಅವನು ಕೊಟ್ಟ ಕಾರಣ.

ಈಗ ನೀವೇ ಯೋಚಿಸಿ. ಗುಂಡ್ರಾಡಾ ವಿಲಿಯಂ ಅಥವಾ ಮಟಿಲ್ಡಾಳ ಮಗಳಾಗಿದ್ದರೆ ಹೆನ್ರಿಗೆ ಅಕ್ಕ ಅಥವಾ ತಂಗಿ ಆಗಬೇಕು. ಆಗ ವರ, ವಧುವಿನ ಸೋದರತ್ತೆಯ ಮಗ! ನಮ್ಮಲ್ಲಿ ಹಲವು ಸಮುದಾಯಗಳಲ್ಲಿ ಇಂಥ ಮದುವೆ ರೂಢಿಯಲ್ಲಿದೆ. ಆದರೆ ಅಂದಿನ ಚರ್ಚ್ ಏಳು ತಲೆಮಾರಿನೊಳಗಿನ ರಕ್ತಸಂಬಂಧದ ಮದುವೆಯನ್ನೇ ನಿಷೇಧಿಸಿತ್ತು. ಅಷ್ಟು ಹತ್ತಿರದ ನಂಟಿದ್ದರೆ ಆನ್ಸೆಲ್ಮ್ ಅದನ್ನು ಬಿಟ್ಟು ದೂರದ ನಂಟನ್ನು ಹುಡುಕಿ ಹೇಳುತ್ತಿರಲಿಲ್ಲ.

ತೀರ್ಮಾನ

ಗುಂಡ್ರಾಡಾ ದೊರೆಯ ಮಗಳೂ ಅಲ್ಲ, ರಾಣಿಯ ಮಗಳೂ ಅಲ್ಲ. ಆಕೆ ಫ್ಲಾಂಡರ್ಸ್ ಕುಟುಂಬದವಳು ಎಂಬುದನ್ನೇ ಇಂದಿನ ಇತಿಹಾಸಕಾರರು ಒಪ್ಪುತ್ತಾರೆ.

ಸಾವಿರ ವಂಶವೃಕ್ಷಗಳಲ್ಲಿ ಇದ್ದರೂ ಎಲ್ಲವೂ ಒಂದೇ ಕಡೆಯಿಂದ ನಕಲಾಗಿದ್ದರೆ ಅದು ಒಂದೇ ಸಾಕ್ಷ್ಯ. ಮುಂದಿನ ಬಾರಿ ಇಂಥದ್ದನ್ನು ಫಾರ್ವರ್ಡ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮೊದಲು ಬರೆದದ್ದು ಯಾವಾಗ? ಹಾಗೆ ಬರೆದರೆ ಲಾಭ ಯಾರಿಗೆ?