ಪೈಥಾನ್‌ನಿಂದ ಸಿ ಲೈಬ್ರರಿಗೆ ಮೆಮೊರಿ ಬಫರ್ ರವಾನೆ: ಇತಿಹಾಸ

ಪೈಥಾನ್ ಪ್ರೋಗ್ರಾಂ ತನ್ನ ವಶದಲ್ಲಿರುವ ಮೆಮೊರಿಯ ಒಂದು ತುಂಡಿನ ವಿಳಾಸವನ್ನು ಸಿ ಭಾಷೆಯ ಲೈಬ್ರರಿ ಫಂಕ್ಷನ್ನಿಗೆ ಒಪ್ಪಿಸಿ, ಅಲ್ಲಿಂದ ಓದಲು ಅಥವಾ ಅಲ್ಲಿಗೆ ಬರೆಯಲು ಬಿಡುವ ಕ್ರಮಕ್ಕೆ ಬಫರ್ ರವಾನೆ ಎನ್ನಬಹುದು. ಸಿ ಫಂಕ್ಷನ್ನಿಗೆ ಕಾಣುವುದು ವಿಳಾಸ ಮಾತ್ರ. ಆ ಜಾಗ ಎಷ್ಟು ದೊಡ್ಡದು, ಅಲ್ಲಿ ಬರೆಯಬಹುದೇ, ಅದು ಎಲ್ಲಿಯವರೆಗೆ ಉಳಿಯುತ್ತದೆ ಎಂಬ ಮೂರು ವಿಷಯಗಳನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು. ‘ಸಿಟೈಪ್ಸ್ ಬಫರ್’ ಮತ್ತು ‘ಬಫರ್ ಪ್ರೋಟೋಕಾಲ್’ ಎರಡನ್ನೂ ಒಂದೇ ಎಂದು ಬಗೆಯುವುದುಂಟು. ಅವುಗಳ ಹುಟ್ಟೂ ಬೇರೆ, ಉದ್ದೇಶವೂ ಬೇರೆ.

ಆರಂಭದ ವರ್ಷಗಳು

ಗೈಡೊ ವಾನ್ ರಾಸಮ್ 1991ರಲ್ಲಿ ಪೈಥಾನ್ ಬಿಡುಗಡೆ ಮಾಡಿದಾಗ ಸಿ ಲೈಬ್ರರಿಯನ್ನು ಬಳಸಲು ಸಿಯಲ್ಲೇ ವಿಸ್ತರಣಾ ಮಾಡ್ಯೂಲ್ ಬರೆಯಬೇಕಿತ್ತು. ಡೇವಿಡ್ ಬೀಜ್ಲಿ ಅವರ ಸ್ವಿಗ್ ಈ ಕೆಲಸವನ್ನು ಬಹುಮಟ್ಟಿಗೆ ಯಂತ್ರಕ್ಕೆ ವಹಿಸಿತು. 1990ರ ದಶಕದ ಕೊನೆಗೆ ವಸ್ತುಗಳು ತಮ್ಮ ಒಳಗಿನ ಬೈಟುಗಳನ್ನು ತೋರಿಸಲು ಒಂದು ಬಫರ್ ಇಂಟರ್ಫೇಸ್ ಇತ್ತು.

ಹಳೆಯ ಇಂಟರ್ಫೇಸಿನ ಲೋಪ

ಆ ಇಂಟರ್ಫೇಸಿನಲ್ಲಿ ವಿಳಾಸ ಕೇಳುವ ದಾರಿಯಿತ್ತು, ‘ನನ್ನ ಕೆಲಸ ಮುಗಿಯಿತು’ ಎಂದು ಹೇಳುವ ದಾರಿ ಇರಲಿಲ್ಲ. ಒಂದು ಅರೇಯಿಂದ ಬಫರ್ ಪಡೆದ ಮೇಲೆ ಅದೇ ಅರೇಗೆ ಇನ್ನಷ್ಟು ಅಂಶ ಸೇರಿಸಿದರೆ, ಜಾಗ ಸಾಲದೆ ಅರೇ ತನ್ನ ಮೆಮೊರಿಯನ್ನು ಬೇರೆಡೆಗೆ ಸ್ಥಳಾಂತರಿಸಬಹುದಿತ್ತು. ಬಫರಿನ ಕೈಯಲ್ಲಿ ಉಳಿಯುತ್ತಿದ್ದದ್ದು ಖಾಲಿ ಮಾಡಿದ ಮನೆಯ ವಿಳಾಸ.

2002ರಲ್ಲಿ ಥಾಮಸ್ ಹೆಲ್ಲರ್ ‘ಲಾಕ್ಡ್ ಬಫರ್ ಇಂಟರ್ಫೇಸ್’ ಎಂಬ ಪ್ರಸ್ತಾವವನ್ನು (ಪೆಪ್ 298) ಮುಂದಿಟ್ಟರು: ಬಫರನ್ನು ಪಡೆದವರು ಅದನ್ನು ಬಿಡುಗಡೆ ಮಾಡುವವರೆಗೂ ಮೆಮೊರಿ ಕದಲಬಾರದು. ಪ್ರಸ್ತಾವವನ್ನು ಹಿಂತೆಗೆದುಕೊಳ್ಳಲಾಯಿತು. ಪ್ರಚಲಿತ ವಿವರಣೆಗಳಲ್ಲಿ ಇದರ ಹೆಸರು ಅಪರೂಪ. ಆದರೆ ‘ಪಡೆ, ಬಿಡು’ ಎಂಬ ಜೋಡಿ ನಿಯಮ ಇಲ್ಲಿ ಸ್ಪಷ್ಟವಾಗಿ ಬರಹಕ್ಕಿಳಿದಿತ್ತು. ಮುಂದೆ ಭಾಷೆ ಒಪ್ಪಿಕೊಂಡದ್ದು ಈ ಬಗೆಯ ನಿಯಮವನ್ನೇ.

ಸಿಟೈಪ್ಸ್ (2006)

ಹೆಲ್ಲರ್ ಅವರೇ ರೂಪಿಸಿದ ಸಿಟೈಪ್ಸ್ 2006ರ ಸೆಪ್ಟೆಂಬರಿನಲ್ಲಿ ಪೈಥಾನ್ 2.5ರೊಡನೆ ಮೂಲ ಲೈಬ್ರರಿಗೆ ಸೇರಿತು. ಲಿಬ್‌ಎಫ್‌ಎಫ್‌ಐ ನೆರವಿನಿಂದ ಅದು ಯಾವುದೇ ಸಿ ಫಂಕ್ಷನ್ನನ್ನು ನೇರವಾಗಿ ಕರೆಯುತ್ತದೆ. ಕಂಪ್ಯೂಟರಿನ ಹೆಸರು ಪಡೆಯುವ ಉದಾಹರಣೆ ನೋಡಬಹುದು. ‘ಕ್ರಿಯೇಟ್_ಸ್ಟ್ರಿಂಗ್_ಬಫರ್’ಗೆ 64 ಎಂದು ಕೊಟ್ಟರೆ ಸೊನ್ನೆ ತುಂಬಿದ 64 ಬೈಟುಗಳ ಜಾಗ ಸಿಗುತ್ತದೆ. ಆ ಬಫರ್ ಮತ್ತು 64 ಎಂಬ ಸಂಖ್ಯೆಯನ್ನು ‘ಗೆಟ್‌ಹೋಸ್ಟ್‌ನೇಮ್’ಗೆ ಒಪ್ಪಿಸಿದರೆ ಹೆಸರು ಅಲ್ಲಿ ಬಂದು ಕೂರುತ್ತದೆ. ‘ವ್ಯಾಲ್ಯೂ’ ಎಂದು ಕೇಳಿದರೆ ಮೊದಲ ಸೊನ್ನೆಯವರೆಗಿನ ಅಕ್ಷರಗಳು ಸಿಗುತ್ತವೆ, ‘ರಾ’ ಎಂದು ಕೇಳಿದರೆ ಅಷ್ಟೂ 64 ಬೈಟುಗಳು.

ಇದೇ ಕರೆಗೆ ಸಾಮಾನ್ಯ ಬೈಟ್ಸ್ ವಸ್ತುವನ್ನು ಕೊಟ್ಟರೂ ಸಿಟೈಪ್ಸ್ ತಡೆಯುವುದಿಲ್ಲ. ಆದರೆ ಬೈಟ್ಸ್ ಬದಲಾಗಬಾರದ ವಸ್ತು. ಸಿಪೈಥಾನ್ ಒಂದೇ ಬೈಟಿನ ಬೈಟ್ಸ್ ವಸ್ತುಗಳನ್ನು ಇಡೀ ಪ್ರೋಗ್ರಾಮಿಗೆ ಒಂದೊಂದೇ ಪ್ರತಿಯಾಗಿ ಇಟ್ಟುಕೊಳ್ಳುವುದರಿಂದ, ಅಂಥದೊಂದರ ಮೇಲೆ ಸಿ ಬರೆದರೆ ಅದನ್ನು ಬಳಸುವ ಎಲ್ಲ ಕಡೆಯೂ ಬೆಲೆ ಕೆಡುತ್ತದೆ. ತಪ್ಪು ಒಂದೆಡೆ, ಅದರ ಫಲ ಕಾಣುವುದು ಇನ್ನೊಂದೆಡೆ. ಹಾಗೆಯೇ ಫಂಕ್ಷನ್ ಹಿಂತಿರುಗಿಸುವುದು ಪೂರ್ಣಾಂಕ ಎಂಬುದು ಸಿಟೈಪ್ಸಿನ ಮೂಲ ಗ್ರಹಿಕೆ. ಹೀಗಾಗಿ 64 ಬಿಟ್ ಯಂತ್ರದಲ್ಲಿ, ಬೇರೆ ರೀತಿ ತಿಳಿಸದ ಹೊರತು, ಮರಳಿ ಬಂದ ವಿಳಾಸ 32 ಬಿಟ್ಟುಗಳಿಗೆ ತುಂಡಾಗುತ್ತದೆ.

ಹೊಸ ಪ್ರೋಟೋಕಾಲ್ (2006–2008)

ಟ್ರಾವಿಸ್ ಓಲಿಫಂಟ್ ಮತ್ತು ಕಾರ್ಲ್ ಬ್ಯಾಂಕ್ಸ್ ಅವರ ಪೆಪ್ 3118 ನಮ್‌ಪೈ ಅನುಭವದ ಹಿನ್ನೆಲೆಯಲ್ಲಿ ಬಂದು, 2008ರ ಡಿಸೆಂಬರಿನ ಪೈಥಾನ್ 3.0ರಲ್ಲಿ ಜಾರಿಯಾಯಿತು. ವಿಳಾಸದ ಜೊತೆಗೆ ಉದ್ದ, ಬರೆಯುವ ಅನುಮತಿ, ಅಂಶದ ಮಾದರಿ, ಆಯಾಮಗಳು ಎಲ್ಲವೂ ಒಂದೇ ದಾಖಲೆಯಲ್ಲಿ ಸೇರಿದವು. ಬಿಡುಗಡೆಯ ಕರೆಯೂ ಕಡ್ಡಾಯವಾಯಿತು. ಇದೇ ಈ ಇತಿಹಾಸದ ನಿಜವಾದ ತಿರುವು. ಬೈಟ್‌ಅರೇಯೊಂದರ ಮೇಲೆ ಮೆಮೊರಿವ್ಯೂ ಇರುವಾಗ ಅದನ್ನು ಹಿಗ್ಗಿಸಲು ಹೋದರೆ ‘ಬಫರ್‌ಎರರ್’ ಬರುತ್ತದೆ. ಮೊದಲು ಪ್ರೋಗ್ರಾಮನ್ನೇ ಕೆಡವುತ್ತಿದ್ದ ದೋಷ ಈಗ ಓದಬಲ್ಲ ಸಂದೇಶವಾಗಿದೆ.

ಸಿಟೈಪ್ಸಿಗೆ 2.6ರಲ್ಲಿ ಬಂದ ‘ಫ್ರಮ್_ಬಫರ್’ ಬೇರೆ ವಸ್ತುವಿನ ಮೆಮೊರಿಯನ್ನು ನಕಲು ಮಾಡದೆ ಹಂಚಿಕೊಳ್ಳಲು ಅನುವಾಯಿತು. ಇಂದಿನ ಆವೃತ್ತಿಗಳಲ್ಲಿ ಅದು ಮೂಲ ವಸ್ತುವನ್ನು ಕದಲದಂತೆ ಹಿಡಿದಿಡುತ್ತದೆ. ಸಿಟೈಪ್ಸ್ ಸಾಮಾನ್ಯವಾಗಿ ಸಿ ಕರೆಯ ವೇಳೆ ಇಂಟರ್‌ಪ್ರಿಟರಿನ ಬೀಗವನ್ನು (ಜಿಐಎಲ್) ಬಿಟ್ಟುಕೊಡುವುದರಿಂದ ಇನ್ನೊಂದು ಥ್ರೆಡ್ ಅದೇ ವಸ್ತುವಿಗೆ ಕೈಹಾಕಬಹುದು. ಈ ಹಿಡಿತದ ಮಹತ್ವ ಅಲ್ಲಿದೆ.

ನಂತರದ ಬೆಳವಣಿಗೆ

2012ರಲ್ಲಿ ಆರ್ಮಿನ್ ರಿಗೊ ಮತ್ತು ಮಾಚೆ ಫಿಯಾಲ್ಕೋವ್‌ಸ್ಕಿ, ಲುವಾಜಿಟ್‌ನಿಂದ ಪ್ರೇರಿತರಾಗಿ, ಸಿಎಫ್‌ಎಫ್‌ಐ ತಂದರು. ಅದರಲ್ಲಿ ‘ನ್ಯೂ’ ಎಂದು ಪಡೆದ ಜಾಗಕ್ಕೆ ಅದನ್ನು ಹಿಡಿದ ಪೈಥಾನ್ ವಸ್ತುವೇ ಒಡೆಯ. ವಸ್ತು ಅಳಿದರೆ ಜಾಗವೂ ಹೋಗುತ್ತದೆ. 2023ರ ಅಕ್ಟೋಬರಿನಲ್ಲಿ ಪೈಥಾನ್ 3.12 ಪೆಪ್ 688ರ ಮೂಲಕ ಶುದ್ಧ ಪೈಥಾನಿನಲ್ಲಿ ಬರೆದ ಕ್ಲಾಸುಗಳಿಗೂ ಬಫರ್ ಒದಗಿಸುವ ಹಕ್ಕು ನೀಡಿತು.

ಹೀಗೆ ಅನುಮತಿ ಮತ್ತು ಅವಧಿಯ ಪ್ರಶ್ನೆಗಳಿಗೆ ಪೈಥಾನ್ ಬದಿಯಲ್ಲಿ ಲಿಖಿತ ನಿಯಮ ಸಿಕ್ಕಿದೆ. ಅಳತೆಯದು ಮಾತ್ರ ಅರ್ಧ ಬಗೆಹರಿದ ಪ್ರಶ್ನೆ: 64 ಬೈಟುಗಳ ಬಫರ್ ಕೊಟ್ಟು 128 ಎಂದು ಬರೆದರೆ ಸಿಟೈಪ್ಸ್ ಇಂದಿಗೂ ಅದನ್ನು ಹಾಗೆಯೇ ದಾಟಿಸುತ್ತದೆ. ಆ ಸಂಖ್ಯೆಯ ಹೊಣೆ ಕರೆಯುವವರದೇ.